ಏಳು ಜನ, ಅರ್ಧ ಗಂಟೆ, ಮಾತೇ ಇಲ್ಲ

‘ಸೆವೆನ್ ವಂಡರ್ಸ್’ ಆಡಿದವರನ್ನು ಆಟ ಹೇಗಿದೆ ಅಂತ ಕೇಳಿ ನೋಡಿ. ಮೂರು ನಾಲ್ಕು ಉತ್ತರಗಳೇ ತಿರುಗಿ ತಿರುಗಿ ಬರುತ್ತವೆ. ಮೆಚ್ಚಿದವರು “ಏಳು ಜನ ಕೂತರೂ ಅರ್ಧ ಗಂಟೇಲಿ ಮುಗಿಯುತ್ತೆ, ಯಾರೂ ಕಾಯಬೇಕಿಲ್ಲ” ಅನ್ನುತ್ತಾರೆ. ಮೆಚ್ಚದವರಲ್ಲಿ ಒಬ್ಬರು “ಬರೀ ಅದೃಷ್ಟ” ಅನ್ನುತ್ತಾರೆ. ಇನ್ನೊಬ್ಬರು “ಹಸಿರು ಕಾರ್ಡ್ ಹಿಡಿದವರೇ ಗೆಲ್ಲೋದು” ಅಂತ ರಾಗ ಎಳೆಯುತ್ತಾರೆ. ಮತ್ತೊಬ್ಬರು “ಎಲ್ಲರೂ ಒಂದೇ ಮೇಜಿಗೆ ಕೂತು ಒಬ್ಬೊಬ್ಬರೇ ಆಡಿಕೊಳ್ಳೋ ಆಟ” ಅಂತ ಪೆಟ್ಟಿಗೆ ಮುಚ್ಚುತ್ತಾರೆ.

ಈ ಅಭಿಪ್ರಾಯಗಳು ಎಷ್ಟು ಸರಿ ಅನ್ನೋದನ್ನು ನೋಡೋಣ. ನನ್ನ ಹೊಟ್ಟೆಪಾಡು ಡೇಟಾದ್ದು. ಜನ ಕೊಡುವ ರೇಟಿಂಗುಗಳ ಹಿಂದೆ ಏನಿದೆ ಅಂತ ಕೆದಕುವುದೇ ದಿನದ ಕೆಲಸವಾದ್ದರಿಂದ ಈ ಚಟ ವಾರಾಂತ್ಯದಲ್ಲೂ ಬಿಡುವುದಿಲ್ಲ. ಆದರೆ ಬರೆಯುತ್ತಿರುವುದಕ್ಕೆ ಬೇರೆ ಕಾರಣವೂ ಇದೆ. ಆಟಗಳ ಬಗ್ಗೆ ನಾವು ಮಾಡಿದ ಸಂಚಿಕೆ ಬಂದ ಮೇಲೆ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಕನ್ನಡದ ನಾಲ್ಕು ಮನೆಯವರು ಸೇರುವ ಸಂಜೆಗೆ ಯಾವ ಆಟ ತಗೊಳ್ಳಬೇಕು? ಸೆವೆನ್ ವಂಡರ್ಸ್ ಹೆಸರು ಅಲ್ಲಿ ತಾನಾಗಿಯೇ ಬರುತ್ತದೆ, ಏಕೆಂದರೆ ಏಳು ಜನರನ್ನು ಕೂರಿಸಿಕೊಳ್ಳುವ ಆಟಗಳೇ ಕಡಿಮೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅದೃಷ್ಟದ ದೂರು ಮತ್ತು ಹಸಿರು ಕಾರ್ಡಿನ ದೂರು, ಎರಡನ್ನೂ ಎಣಿಸಿ ತೀರ್ಮಾನ ಮಾಡಬಹುದು. ‘ಒಬ್ಬೊಬ್ಬರೇ ಆಡೋದು’ ಅನ್ನುವ ದೂರು ಎಣಿಕೆಗೆ ಸಿಗುವುದಿಲ್ಲ, ಆದರೆ ಅದೇ ನಿಜವಾದ ದೂರು. ಮತ್ತೆ, ಎಲ್ಲರೂ ಹೊಗಳುವ ‘ಏಳು ಜನ, ಅರ್ಧ ಗಂಟೆ’ ಇದೆಯಲ್ಲ, ಆ ದೂರು ಹುಟ್ಟುವುದೇ ಅಲ್ಲಿಂದ.

ಆಡದವರಿಗೆ ಎರಡು ಮಾತು. ಫ್ರಾನ್ಸಿನ ಆಂತ್ವಾನ್ ಬೋಜಾ ರೂಪಿಸಿದ ಈ ಆಟ 2010ರಲ್ಲಿ ಹೊರಬಂತು. ತಂದಿದ್ದು ಬೆಲ್ಜಿಯಂನ ರೆಪೋ ಪ್ರೊಡಕ್ಷನ್, ಚಿತ್ರಗಳು ಮಿಗೆಲ್ ಕೊಯಿಂಬ್ರಾ ಅವರದು. ಒಬ್ಬೊಬ್ಬರಿಗೂ ಒಂದು ಹಳೆಯ ಕಾಲದ ನಗರ ಸಿಗುತ್ತದೆ: ಗೀಝಾ, ಬ್ಯಾಬಿಲಾನ್, ರೋಡ್ಸ್, ಅಲೆಕ್ಸಾಂಡ್ರಿಯ, ಎಫೆಸಸ್, ಒಲಿಂಪಿಯ, ಹ್ಯಾಲಿಕಾರ್ನಾಸಸ್. ಆ ನಗರಕ್ಕೊಂದು ಅದ್ಭುತ. ಕೈಗೆ ಏಳು ಕಾರ್ಡ್ ಬರುತ್ತವೆ. ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವರಿಗೆ ದಾಟಿಸಬೇಕು. ಎಲ್ಲರೂ ಒಟ್ಟಿಗೇ ಆರಿಸುತ್ತಾರೆ, ಒಟ್ಟಿಗೇ ತೋರಿಸುತ್ತಾರೆ. ಆರಿಸಿದ ಕಾರ್ಡಿನಿಂದ ಕಟ್ಟಡ ಕಟ್ಟಬಹುದು, ಅದನ್ನು ಮಗುಚಿ ಅದ್ಭುತದ ಒಂದು ಹಂತ ಏರಿಸಬಹುದು, ಅಥವಾ ಮಾರಿ 3 ನಾಣ್ಯ ತಗೊಳ್ಳಬಹುದು. ಒಂದು ಯುಗಕ್ಕೆ ಆರು ಸುತ್ತು, ಹೀಗೆ ಮೂರು ಯುಗ. ಎರಡನೇ ಯುಗದಲ್ಲಿ ಮಾತ್ರ ಕಾರ್ಡು ಬಲಕ್ಕೆ ಹೋಗುತ್ತದೆ. ಹದಿನೆಂಟು ಸಲ ಆರಿಸಿದಿರಿ ಅಂದರೆ ನಗರ ಮುಗಿಯಿತು, ಲೆಕ್ಕ ಹಾಕಿ, ಹೆಚ್ಚು ಅಂಕ ಬಂದವರು ಗೆದ್ದರು.

ಈಗ ಅದೃಷ್ಟದ ದೂರು. ಇದನ್ನು ಹೇಳುವವರೂ ಸುಳ್ಳು ಹೇಳುತ್ತಿಲ್ಲ, “ಇದು ಪಕ್ಕಾ ಲೆಕ್ಕಾಚಾರದ ಆಟ” ಅನ್ನುವವರೂ ಸುಳ್ಳು ಹೇಳುತ್ತಿಲ್ಲ. ಅವರಿಬ್ಬರೂ ಆಡಿದ್ದು ಬೇರೆ ಬೇರೆ ಆಟ, ಅಷ್ಟೇ. ಮೂರು ಜನ ಕೂತಾಗ ನೀವು ಮೊದಲು ನೋಡಿದ ಏಳು ಕಾರ್ಡು ನಾಲ್ಕನೇ ಸುತ್ತಿಗೆ ನಿಮ್ಮ ಕೈಗೇ ವಾಪಸ್ ಬರುತ್ತವೆ. ಈಗ ಅದರಲ್ಲಿ ನಾಲ್ಕೇ ಉಳಿದಿರುತ್ತವೆ. ಒಂದನ್ನು ನೀವು ತೆಗೆದಿದ್ದಿರಿ, ಇನ್ನೆರಡನ್ನು ಆಚೆ ಈಚೆಯವರು ತೆಗೆದರು. ಯಾವುದು ಹೋಯಿತು ಅನ್ನೋದು ಗೊತ್ತಾದರೆ ಅವರ ತಲೆಯಲ್ಲಿ ಏನಿದೆ ಅನ್ನೋದೂ ಅರ್ಧ ಗೊತ್ತಾದ ಹಾಗೆ. ಮೊದಲ ಸುತ್ತಿನಲ್ಲೇ “ಇದನ್ನು ಬಿಟ್ಟರೆ ವಾಪಸ್ ಬರುತ್ತಾ?” ಅಂತ ಪಣ ಕಟ್ಟಬಹುದು. ನಾಲ್ಕು ಜನರಿದ್ದರೆ ಆ ಕೈ ಐದನೇ ಸುತ್ತಿಗೆ ಮೂರು ಕಾರ್ಡಿನೊಂದಿಗೆ ಬರುತ್ತದೆ. ಐವರಿದ್ದರೆ ಆರನೇ ಸುತ್ತಿಗೆ, ಎರಡೇ ಕಾರ್ಡಿನೊಂದಿಗೆ. ಆರು ಅಥವಾ ಏಳು ಜನರಾದರೆ? ವಾಪಸ್ ಬರುವುದೇ ಇಲ್ಲ, ಯುಗವೇ ಮುಗಿದಿರುತ್ತದೆ. ಏಳು ಜನರ ಮೇಜಿನಲ್ಲಂತೂ ಹಂಚಿದ ಒಂದು ಕೈಯನ್ನು ನೀವು ಕಣ್ಣಲ್ಲೂ ನೋಡುವುದಿಲ್ಲ.

ಅಂದರೆ ನೆನಪು, ಊಹೆ, ಪಣ, ಇವೆಲ್ಲ ಮೂರು ನಾಲ್ಕು ಜನರ ಆಟದಲ್ಲಿವೆ. ಏಳು ಜನರ ಆಟದಲ್ಲಿ ಬಂದದ್ದರಲ್ಲಿ ಒಳ್ಳೆಯದನ್ನು ಆರಿಸುವುದೊಂದೇ ಉಳಿಯುತ್ತದೆ. ಒಂದೇ ಪೆಟ್ಟಿಗೆಯ ಹೆಸರಿನಲ್ಲಿ ಈ ಎರಡು ಗುಂಪಿನ ಅಂಕಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಯಾರ ಅನುಭವವೂ ಅಲ್ಲ. ಹೆಬ್ಬಾಗಿಲಲ್ಲಿ ಚಳಿ, ಅಡುಗೆಮನೆಯಲ್ಲಿ ಸೆಕೆ, ಸರಾಸರಿ ಹವೆ ಹಿತವಾಗಿದೆ ಅಂದ ಹಾಗೆ. ಇನ್ನೊಂದು ವಿಷಯ: ಅಂಕ ಕೊಡುವವರು ಸಾಮಾನ್ಯವಾಗಿ ಆಟ ಕೊಂಡವರು, ಮತ್ತೆ ಮತ್ತೆ ಆಡಿದವರು. ಯಾರದೋ ಮನೆಗೆ ಊಟಕ್ಕೆ ಹೋಗಿ ಏಳನೆಯವರಾಗಿ ಕೂತು, ಏನೂ ತಲೆಬುಡ ಗೊತ್ತಾಗದೆ ಎದ್ದು ಬಂದವರು ಎಲ್ಲೂ ಅಂಕ ಕೊಡಲು ಹೋಗುವುದಿಲ್ಲ. ಅವರ ಅಭಿಪ್ರಾಯ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಹಸಿರಿಗೆ ಬರೋಣ. ಹಸಿರು ಕಾರ್ಡುಗಳೆಂದರೆ ವಿಜ್ಞಾನದ ಕಟ್ಟಡಗಳು. ಮೂರು ಚಿಹ್ನೆ: ಕೈವಾರ, ಹಲ್ಲುಚಕ್ರ, ಬರಹದ ಹಲಗೆ. ಒಂದೇ ಚಿಹ್ನೆ ಎಷ್ಟಿದೆಯೋ ಅದರ ವರ್ಗದಷ್ಟು ಅಂಕ: ಎರಡಿದ್ದರೆ 4, ಮೂರಿದ್ದರೆ 9. ಜೊತೆಗೆ ಮೂರೂ ಚಿಹ್ನೆಗಳ ಪ್ರತಿ ಜೋಡಣೆಗೆ 7. ಕೇಳಲು ಭಯಂಕರವಾಗಿದೆ. ಆದರೆ ಸಮನಾಗಿ ಸೇರಿಸುತ್ತ ಹೋದರೆ ಒಂದೊಂದು ಕಾರ್ಡು ತಂದುಕೊಡುವ ಅಂಕ ಬರೆದು ನೋಡಿ. ಮೊದಲನೆಯದು 1, ಎರಡನೆಯದು 1, ಮೂರನೆಯದು 8. ಆಮೇಲೆ 3, 3, 10. ಆಮೇಲೆ 5, 5, 12. ಒಂಬತ್ತು ಕಾರ್ಡಿಗೆ ಒಟ್ಟು 48. ಹೋಲಿಕೆಗೆ, ಏಳೂ ಬಗೆಯ ಸಾಮಗ್ರಿ ಕೇಳುವ ಅರಮನೆ ಕಾರ್ಡು ಕೊಡುವುದು 8 ಅಂಕ. ಒಂಬತ್ತನೇ ಹಸಿರು ಕಾರ್ಡು ಅರಮನೆಗಿಂತ ದೊಡ್ಡದು ಅನ್ನೋದು ನಿಜವೇ.

ಆದರೆ ಆ ಒಂಬತ್ತನೆಯದು ನಿಮ್ಮ ಕೈಗೆ ಬರಬೇಕಲ್ಲ? ಮೂರು ಜನರ ಆಟದಲ್ಲಿ ಇಡೀ ಪೆಟ್ಟಿಗೆಯಿಂದ ಬರುವ ಹಸಿರು ಕಾರ್ಡು 12, ಚಿಹ್ನೆಗೆ ನಾಲ್ಕರಂತೆ. ಅದರಲ್ಲಿ ಒಂಬತ್ತು ನಿಮಗೆ ಸಿಕ್ಕಿತು ಅಂದರೆ ಮಿಕ್ಕ ಇಬ್ಬರು ನಿದ್ದೆ ಮಾಡುತ್ತಿದ್ದರು ಅಂತ ಅರ್ಥ. ಏಳು ಜನರ ಆಟದಲ್ಲಿ 24 ಬರುತ್ತವೆ, ತಲೆಗೆ ಮೂರೂವರೆ ಕೂಡ ಇಲ್ಲ. ಒಂದು ಹಸಿರು ಕಾರ್ಡನ್ನು ತಡೆಯುವುದು ಕಷ್ಟದ ಕೆಲಸವೂ ಅಲ್ಲ. ನಿಮ್ಮ ಮುಂದಿನವರಿಗೆ ಅದು ಬೇಕು ಅಂತ ಗೊತ್ತಾದರೆ ಮಗುಚಿ ನಿಮ್ಮ ಪಿರಮಿಡ್ಡಿನ ಕೆಳಗೆ ಹಾಕಿಬಿಡಿ, ಅದ್ಭುತಕ್ಕೆ ಒಂದು ಹಂತ ಏರಿದ ಹಾಗೂ ಆಯ್ತು.

ಹಾಗಿದ್ದರೆ “ಹಸಿರೇ ಗೆಲ್ಲೋದು” ಅನ್ನುವ ಮಾತು ಯಾಕೆ ಹಬ್ಬಿತು? ಹಸಿರಿನಲ್ಲಿ 48 ಬಂದ ಸಂಜೆಯನ್ನು ಯಾರೂ ಮರೆಯುವುದಿಲ್ಲ. ಎರಡು ಕೈವಾರ, ಒಂದು ಹಲಗೆ ಇಟ್ಟುಕೊಂಡು ಚಕ್ರಕ್ಕೆ ಕಾಯುತ್ತ ಕೂತು 5 ಅಂಕಕ್ಕೆ ಮುಗಿಸಿದ ಸಂಜೆ ಯಾರ ನೆನಪಿನಲ್ಲೂ ಇಲ್ಲ. ಲಾಟರಿ ಹೊಡೆದವರ ಫೋಟೋ ಮಾತ್ರ ಪೇಪರಿನಲ್ಲಿ ಬರುತ್ತಲ್ಲ, ಹಾಗೆ.

ಯುದ್ಧದ ಕೆಂಪು ಕಾರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯುಗದ ಕೊನೆಗೆ ಅಕ್ಕಪಕ್ಕದವರ ಜೊತೆ ಗುರಾಣಿ ಎಣಿಸಬೇಕು. ಗೆದ್ದರೆ 1, ಆಮೇಲೆ 3, ಆಮೇಲೆ 5. ಸೋತರೆ ಯಾವ ಯುಗದಲ್ಲೂ ಕಳೆಯುವುದು ಒಂದೇ ಒಂದು. ಒಂದೂ ಗುರಾಣಿ ಮುಟ್ಟದೆ ಶಾಂತಿಯಿಂದ ಕೂತರೆ ಎರಡೂ ಕಡೆ ಸೇರಿ ಹೆಚ್ಚೆಂದರೆ 6 ಹೋಗುತ್ತದೆ, ಎಲ್ಲ ಗೆದ್ದವರಿಗೆ 18 ಬರುತ್ತದೆ. ಸೋತ ನಗರ ಹಾಗೇ ನಿಂತಿರುತ್ತದೆ, ಒಂದು ಇಟ್ಟಿಗೆಯೂ ಅಲುಗುವುದಿಲ್ಲ. ಇಷ್ಟು ಸಭ್ಯವಾದ ಯುದ್ಧ ರೋಡ್ಸ್‌ನವರೂ ಕಂಡಿರಲಿಕ್ಕಿಲ್ಲ. ಗಮನಿಸಬೇಕಾದ್ದು ಒಂದೇ: ಪಕ್ಕದ ಇಬ್ಬರು ಹಠಕ್ಕೆ ಬಿದ್ದು ಗುರಾಣಿ ಏರಿಸುತ್ತ ಹೋದರೆ ಲಾಭ ಆ ಇಬ್ಬರಿಗೂ ಅಲ್ಲ, ಮೇಜಿನ ಆ ತುದಿಯಲ್ಲಿ ಸದ್ದಿಲ್ಲದೆ ನೀಲಿ ಕಟ್ಟಡ ಕಟ್ಟಿಕೊಳ್ಳುತ್ತಿರುವವರಿಗೆ.

ಆ ‘ಮೇಜಿನ ಆ ತುದಿ’ ಇದೆಯಲ್ಲ, ಅಲ್ಲಿಂದ ನಿಜವಾದ ವಿಷಯ ಶುರು.

ಸೆವೆನ್ ವಂಡರ್ಸ್‌ನಲ್ಲಿ ವ್ಯಾಪಾರ, ಯುದ್ಧ ಎರಡೂ ಅಕ್ಕಪಕ್ಕದವರ ಜೊತೆ ಮಾತ್ರ. ಮೂರು ಜನರಿದ್ದರೆ ಎಲ್ಲರೂ ನೆರೆಯವರೇ. ಏಳು ಜನರಿದ್ದರೆ ಮಿಕ್ಕ ಆರರಲ್ಲಿ ನಾಲ್ವರಿಗೂ ನಿಮಗೂ ನೇರವಾದ ಸಂಬಂಧವೇ ಇಲ್ಲ. ಅವರು ಏನು ಕಟ್ಟಿದರು ಅಂತ ಕೊನೆಗೆ ಅಂಕದ ಹಾಳೆಯಲ್ಲಿ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ಹೆಸರು ಕಾಗದದ ಡಬ್ಬಿ ನೋಡಿ ತಿಳಿದುಕೊಳ್ಳುವ ಹಾಗೆ.

ಸರಿ, ಪಕ್ಕದವರ ಜೊತೆಗಾದರೂ? ಅವರ ಹತ್ತಿರ ಕಲ್ಲು ಇದೆ, ನಿಮಗೆ ಬೇಕು. ಎರಡು ನಾಣ್ಯ ಅವರ ಮುಂದೆ ಇಡಿ, ಕಲ್ಲು ನಿಮ್ಮದು. ಅವರನ್ನು ಕೇಳಬೇಕಾಗಿಲ್ಲ. ಅವರು ಬೇಡ ಅನ್ನುವ ಹಾಗಿಲ್ಲ. ಅವರ ಕಲ್ಲು ಖರ್ಚಾಗುವುದೂ ಇಲ್ಲ, ಅದೇ ಸುತ್ತಿನಲ್ಲಿ ಅವರೂ ಬಳಸಬಹುದು, ಆಚೆ ಪಕ್ಕದವರೂ ಕೊಳ್ಳಬಹುದು. ನನ್ನ ಗೆಳೆಯನೊಬ್ಬನ ತಾಯಿ ಹಾಸನದಿಂದ ಮೂರು ತಿಂಗಳ ವೀಸಾದಲ್ಲಿ ಇಲ್ಲಿಗೆ, ಜರ್ಮನಿಗೆ ಬಂದಿದ್ದಾಗ ನಮ್ಮ ಜೊತೆ ಕೂತು ಆಡಿದರು. ಎರಡನೇ ಯುಗದ ಹೊತ್ತಿಗೆ ಚಿಹ್ನೆಗಳೆಲ್ಲ ಬಂದಿದ್ದವು. ಮಗ ಅವರ ಮುಂದೆ ನಾಣ್ಯ ಇಟ್ಟಿದ್ದನ್ನು ನೋಡಿ, “ಕೇಳದೇನೇ ದುಡ್ಡಿಟ್ಟು ಎತ್ಕೊಂಡು ಹೋಗ್ತೀಯಲ್ಲೋ, ಇದೆಂಥ ವ್ಯಾಪಾರ? ಚೌಕಾಸಿನೇ ಇಲ್ವಲ್ಲ!” ಅಂದರು. ಈ ಆಟದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

“ಒಬ್ಬೊಬ್ಬರೇ ಆಡೋದು” ಅಂತ ದೂರುವವರಿಗೆ ಆಟದ ಅಭಿಮಾನಿಗಳು ಕೊಡುವ ಉತ್ತರ ನಿಮಗೆ ಗೊತ್ತಿರಬಹುದು. ‘ಯಾವ ಕಾರ್ಡು ದಾಟಿಸ್ತೀಯ ಅನ್ನೋದರಲ್ಲೇ ಇದೆಯಪ್ಪಾ ಎಲ್ಲ. ಪಕ್ಕದವರಿಗೆ ಬೇಕಾದದ್ದನ್ನು ತಡೆಯೋದು, ಅವರ ಹತ್ತಿರ ಇಲ್ಲದ ಸಾಮಗ್ರಿ ಬೆಳೆದು ದುಡ್ಡು ಮಾಡೋದು, ಇದೆಲ್ಲ ಒಬ್ಬರ ಮೇಲೊಬ್ಬರ ಪರಿಣಾಮ ಅಲ್ವಾ?’ ಹೌದು, ಪರಿಣಾಮವೇ. ಮೇಲೆ ಎಣಿಸಿ ತೋರಿಸಿದ್ದೂ ಅದನ್ನೇ. ಆದರೆ ದೂರುವವರು ಹೇಳುತ್ತಿರುವುದು ಪರಿಣಾಮದ ಬಗ್ಗೆ ಅಲ್ಲ. ಅವರಿಗೆ ಸರಿಯಾದ ಪದ ಸಿಕ್ಕಿಲ್ಲ, ಅಷ್ಟೇ. ಅವರು ಹೇಳುತ್ತಿರುವುದು ‘ಇಲ್ಲಿ ಯಾರೂ ಮಾತಾಡಲಿಲ್ಲ’ ಅಂತ.

ಕಟಾನ್ ತಗೊಳ್ಳಿ. ಕ್ಲೌಸ್ ಟೊಯ್ಬರ್ ಮಾಡಿದ 1995ರ ಆಟ. ದಾಳ ಉರುಳಿಸಿ ಕಾಯಬೇಕು, ಅದೃಷ್ಟ ಇದಕ್ಕಿಂತ ಹೆಚ್ಚು, ಮುಂದಿದ್ದವರು ಮುಂದೇ ಇರುತ್ತಾರೆ ಅಂತ ಬೇಕಾದಷ್ಟು ದೂರುಗಳಿವೆ. ಆದರೆ ಇಟ್ಟಿಗೆ ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಕೇಳಿದರೆ ಅವರು ಇಲ್ಲ ಅನ್ನಬಹುದು, ಎರಡು ಕುರಿ ಕೊಡು ಅನ್ನಬಹುದು, “ಹೋದ ಸಲ ಕೊಟ್ಟಿದ್ದು ಮರೆತುಹೋಯ್ತಾ?” ಅನ್ನಬಹುದು. ಅಥವಾ ಬ್ರೂನೋ ಫೈದುತ್ತಿಯವರ ಸಿಟಾಡೆಲ್ಸ್ ತಗೊಳ್ಳಿ. 2000ದಲ್ಲಿ ಬಂದ ಇದೂ ಕಾರ್ಡು ದಾಟಿಸುತ್ತ ನಗರ ಕಟ್ಟುವ ಆಟವೇ, ಇದೂ ಏಳು ಜನರನ್ನು ಕೂರಿಸುತ್ತದೆ. ಇಲ್ಲಿ ದಾಟಿಸುವುದು ಪಾತ್ರಗಳನ್ನು: ರಾಜ, ಕಳ್ಳ, ಕೊಲೆಗಾರ, ವ್ಯಾಪಾರಿ. ಯಾರ ಹತ್ತಿರ ಯಾವ ಪಾತ್ರ ಹೋಯಿತು ಅಂತ ಮುಖ ನೋಡಿ ಊಹಿಸಬೇಕು, ಸುಳ್ಳು ಹೇಳಬೇಕು, ಸುಳ್ಳು ಹಿಡಿಯಬೇಕು. ಏಳು ಜನರಾದರೆ ಅದು ಎಳೆಯುತ್ತದೆ. ಕೊಲೆಗಾರ ನಿಮ್ಮ ಪಾತ್ರದ ಹೆಸರು ಕರೆದರೆ ಆ ಸುತ್ತೆಲ್ಲ ಸುಮ್ಮನೆ ಕೂರಬೇಕು. ಕಾಯುವುದೇ ಆ ಆಟದ ದೊಡ್ಡ ದೂರು.

ಬೋಜಾ ಪರಿಹರಿಸಿದ್ದು ಇದೇ ಕಾಯುವಿಕೆಯನ್ನು. ಎಲ್ಲರೂ ಒಟ್ಟಿಗೆ ಆರಿಸಿದರೆ ಯಾರೂ ಯಾರಿಗೂ ಕಾಯಬೇಕಿಲ್ಲ. ಜಾಣ ಪರಿಹಾರ, ಇಂಜಿನಿಯರಿಂಗ್ ಅಂತ ನೋಡಿದರೆ ಚಪ್ಪಾಳೆ ತಟ್ಟಬೇಕಾದ್ದೇ. ಆದರೆ ಎಲ್ಲರೂ ಒಟ್ಟಿಗೆ ಯೋಚಿಸುತ್ತಿರುವಾಗ ಮಾತಾಡುವವರು ಯಾರು, ಕೇಳಿಸಿಕೊಳ್ಳುವವರು ಯಾರು? ಒಬ್ಬರ ಸರದಿ ನಡೆಯುವಾಗ ಮಿಕ್ಕವರಿಗೆ ಸಿಗುವ ಬಿಡುವಿನಲ್ಲೇ ಅಲ್ಲವೇ ಹರಟೆ, ಕಾಲೆಳೆಯೋದು, ಚಕ್ಕುಲಿ ಡಬ್ಬ ಸುತ್ತು ಹೊಡೆಯೋದು? ಚೌಕಾಬಾರ ಆಡಿದವರಿಗೆ ಇದು ಗೊತ್ತು. ಕವಡೆ ಬಿಟ್ಟವರಿಗಿಂತ ಸುತ್ತ ನಿಂತವರ ಬಾಯಿ ಜೋರಾಗಿರುತ್ತದೆ. “ಕಡಿ, ಕಡಿ!” ಅಂತ ಕೂಗುವವರಿಗೆ ಆ ಆಟದಲ್ಲಿ ಕಾಯಿಯೇ ಇರುವುದಿಲ್ಲ, ಆದರೂ ಒಂದು ಕಾಯಿ ಹಣ್ಣಾದರೆ ಎಲ್ಲರಿಗೂ ಖುಷಿ. ಸೆವೆನ್ ವಂಡರ್ಸ್ ಆಡುವವರ ಹಿಂದೆ ನಿಂತು ನೋಡುವುದು ಮಾತ್ರ ಬ್ಯಾಂಕಿನ ಸಾಲಿನಲ್ಲಿ ನಿಂತ ಹಾಗೆ.

ಕೊನೆಯವರೆಗೂ ಯಾರು ಮುಂದಿದ್ದಾರೆ ಅಂತ ಸರಿಯಾಗಿ ಗೊತ್ತಾಗುವುದಿಲ್ಲ ಅನ್ನೋದೂ ಇದಕ್ಕೆ ಸೇರಿದ್ದೇ. ಅಂಕಗಳು ಏಳು ಬಗೆಯಲ್ಲಿ ಚದುರಿಕೊಂಡಿರುತ್ತವೆ. ಗೆಲ್ಲುತ್ತಿರುವವರು ಯಾರು ಅಂತ ಗೊತ್ತಿದ್ದರೆ ತಾನೇ ಅವರ ಮೇಲೆ ಎಲ್ಲರೂ ಸೇರಿ ಹರಿಹಾಯುವುದು? ಮಾತು ಶುರುವಾಗುವುದು ಅಂಕದ ಹಾಳೆ ತೆಗೆದ ಮೇಲೆ. ಆ ಐದು ನಿಮಿಷ ಮಾತ್ರ ನಿಜಕ್ಕೂ ಗದ್ದಲ. “ಅಯ್ಯೋ, ಆ ಗಿಲ್ಡ್ ಕಾರ್ಡು ನಾನೇ ದಾಟಿಸಿದ್ದು ನಿಂಗೆ!” ಅನ್ನುವ ಮಾತು ಆಟದ ಮಧ್ಯೆ ಬರಬೇಕಿತ್ತು, ಆಟ ಮುಗಿದ ಮೇಲೆ ಬರುತ್ತದೆ.

ನಮ್ಮಂಥವರ ಸಂಜೆಗೆ ಇದು ಸಣ್ಣ ವಿಷಯ ಅಲ್ಲ ಅಂತ ನನ್ನ ಅನಿಸಿಕೆ. ನಾವು ಸೇರುವುದು ತಿಂಗಳಿಗೊಂದು ಸಲ, ಕೆಲವರು ಎರಡು ರೈಲು ಬದಲಾಯಿಸಿ ಬರುತ್ತಾರೆ. ಇಲ್ಲೇ ಹುಟ್ಟಿದ ಮಕ್ಕಳಿಗೆ ಮನೆಯ ಹೊರಗೆ ಕನ್ನಡ ಕಿವಿಗೆ ಬೀಳುವ ಹೊತ್ತು ಅದೊಂದೇ. ನಮ್ಮ ಗುಂಪಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್ನಿನಲ್ಲಿ. ಕಟಾನ್ ಆಡುವಾಗ ಅವಳಿಗೆ ಬೇರೆ ದಾರಿ ಇಲ್ಲ. ಹಾಸನದ ಅಜ್ಜಿಗೆ ಜರ್ಮನ್ ಬರುವುದಿಲ್ಲ, ಅವಳಿಗೆ ಕುರಿ ಬೇಕು. “ಅಜ್ಜಿ, ಒಂದು ಕುರಿ ಕೊಡ್ತೀರಾ? ನಾನು ಇಟ್ಟಿಗೆ ಕೊಡ್ತೀನಿ.” ಅಜ್ಜಿ: “ಒಂದ್ ಇಟ್ಗೆಗೆಲ್ಲ ಕುರಿ ಬರಲ್ಲಮ್ಮ, ಎರಡು ಕೊಡು.” ಅವಳು: “ಎರಡು ಜಾಸ್ತಿ ಆಯ್ತು!” ಆ ‘ಜಾಸ್ತಿ ಆಯ್ತು’ ಯಾವ ಪಾಠದ ಪುಸ್ತಕದಿಂದಲೂ ಬಂದದ್ದಲ್ಲ. ಅದೇ ಹುಡುಗಿ ಸೆವೆನ್ ವಂಡರ್ಸ್‌ನಲ್ಲಿ ನಮ್ಮನ್ನೆಲ್ಲ ಸೋಲಿಸಿದಳು, ಹದಿನೆಂಟು ಸುತ್ತಿನಲ್ಲಿ ಅವಳ ಬಾಯಿಂದ ಬಂದದ್ದು ಮೂರು ನಾಲ್ಕು ಸಲ “ಫೆರ್ಟಿಷ್”. ಆಯ್ತು, ಮುಗೀತು ಅಂತ ಅರ್ಥ.

ಆಟ ಅಂದಮೇಲೆ ಭಾಷೆ ಕಲಿಸಲೇಬೇಕು ಅಂತೇನೂ ಇಲ್ಲ. ಕಲಿಸಲು ಹೊರಟ ಆಟಗಳು ಸಾಮಾನ್ಯವಾಗಿ ಸಪ್ಪೆಯೇ. ಸೆವೆನ್ ವಂಡರ್ಸ್ ಮೇಲೆ ನನ್ನ ಆಕ್ಷೇಪ ಬೇರೆ. ಅದನ್ನು ಕೊಳ್ಳುವುದೇ ‘ಜನ ಸೇರಿದಾಗ ಆಡೋಕೆ’ ಅಂತ, ಮತ್ತೆ ಜನ ಹೆಚ್ಚು ಸೇರಿದಷ್ಟೂ ಅದು ಅವರನ್ನು ಬೇರೆ ಬೇರೆ ಮಾಡುತ್ತದೆ. ಪೆಟ್ಟಿಗೆಯ ಮೇಲಿನ ‘3ರಿಂದ 7’ ಅನ್ನುವ ಸಂಖ್ಯೆ ಸುಳ್ಳಲ್ಲ, ಏಳು ಜನರಿಗೂ ನಿಯಮ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಏಳು ಜನ ಒಟ್ಟಿಗಿದ್ದರು ಅನ್ನೋದು ಮಾತ್ರ ಅದರಿಂದ ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಅದರ ಪಾಲಿಗೆ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. ಕಾರ್ಡುಗಳ ಮೇಲೆ ಓದಬೇಕಾದದ್ದು ಏನೂ ಇಲ್ಲದಷ್ಟು ಕಡಿಮೆ, ಎಲ್ಲ ಚಿಹ್ನೆಗಳೇ. ಜರ್ಮನ್ ಪೆಟ್ಟಿಗೆ ತಂದರೂ ಇಂಗ್ಲಿಷ್ ಪೆಟ್ಟಿಗೆ ತಂದರೂ ಹಾಸನದ ಅಜ್ಜಿಗೆ ತೊಂದರೆಯಾಗಲಿಲ್ಲ. ಒಂದೇ ತೊಡಕಿತ್ತು: ಒಂದು ಕಟ್ಟಡ ಇದ್ದರೆ ಮುಂದಿನ ಯುಗದಲ್ಲಿ ಇನ್ನೊಂದು ಪುಕ್ಕಟೆ ಕಟ್ಟಬಹುದು ಅನ್ನುವ ಅನುಕೂಲವನ್ನು ಮೊದಲ ಆವೃತ್ತಿಯಲ್ಲಿ ಕಟ್ಟಡದ ಹೆಸರು ಓದಿಯೇ ತಿಳಿಯಬೇಕಿತ್ತು. 2020ರ ಎರಡನೇ ಆವೃತ್ತಿಯಲ್ಲಿ ಅದಕ್ಕೂ ಚಿಹ್ನೆ ಬಂತು. ನಮ್ಮ ತರಹದ, ಮೂರು ಲಿಪಿಗಳ ಮನೆಗೆ ಇದು ದೊಡ್ಡ ಉಪಕಾರ. ಹಾಗಂತ ಚಿಹ್ನೆ ಎಂದರೆ ಸುಲಭ ಅಂತ ಅಲ್ಲ. ಮೊದಲ ಸಲ ಕೂತವರಿಗೆ ಅದು ಒತ್ತಕ್ಷರ ಕಲಿಯುವಾಗಿನ ಪಾಡೇ: ಬಿಡಿ ಬಿಡಿಯಾಗಿ ಗೊತ್ತು, ಒಟ್ಟಾಗಿ ಬಂದಾಗ ಗೊತ್ತಿಲ್ಲ. ಇಲ್ಲಿನ ‘ಷ್ಪೀಲ್ ಡೆಸ್ ಯಾರೆಸ್’, ಅಂದರೆ ವರ್ಷದ ಆಟ ಪ್ರಶಸ್ತಿಯ ತೀರ್ಪುಗಾರರು 2011ರಲ್ಲಿ ಇದಕ್ಕೆ ಕೊಟ್ಟಿದ್ದು ಮುಖ್ಯ ಪ್ರಶಸ್ತಿಯನ್ನಲ್ಲ. ಅದು ‘ಕ್ವರ್ಕಲ್’ ಪಾಲಾಯಿತು. ಇದಕ್ಕೆ ಸಿಕ್ಕಿದ್ದು ಆ ವರ್ಷವೇ ಶುರುವಾದ ‘ಕೆನ್ನರ್‌ಷ್ಪೀಲ್’ ಪ್ರಶಸ್ತಿ. ಕೆನ್ನರ್ ಅಂದರೆ ಬಲ್ಲವರು. ಬಲ್ಲವರ ಆಟ ಅಂತ ತೀರ್ಪುಗಾರರು ಹೆಸರಿನಲ್ಲೇ ಹೇಳಿದ್ದರು. ನಾವು ಮಾತ್ರ ಅದನ್ನು ಹೊಸಬರು ಬಂದ ದಿನವೇ ತೆಗೆಯುತ್ತೇವೆ.

ಇಬ್ಬರೇ ಇರುವ ಮನೆಗೆ 2015ರ ‘ಡ್ಯುಯೆಲ್’ ಇದೆ, ಬೋಜಾ ಮತ್ತು ಬ್ರೂನೋ ಕತಾಲಾ ಸೇರಿ ಮಾಡಿದ್ದು. ಅದು ಮೂಲಕ್ಕಿಂತ ಉತ್ತಮ ಅಂತ ಹಲವರ ಅಭಿಪ್ರಾಯ, ನನಗೂ ಹಾಗೇ ಅನಿಸುತ್ತದೆ. ಕಾರ್ಡು ದಾಟಿಸುವುದಿಲ್ಲ. ಮೇಜಿನ ಮೇಲೆ ಕೆಲವು ಮುಖ ಮೇಲೆ, ಕೆಲವು ಮುಖ ಕೆಳಗೆ, ಒಂದರ ಮೇಲೊಂದು ಹರಡಿರುತ್ತವೆ. ನೀವೊಂದು ತೆಗೆದರೆ ಕೆಳಗಿನದು ಎದುರಾಳಿಗೆ ತೆರೆದುಕೊಳ್ಳುತ್ತದೆ. ಯುದ್ಧದಲ್ಲಿ ರಾಜಧಾನಿ ಮುಟ್ಟಿದರೆ ಅಥವಾ ಆರು ಬೇರೆ ಬೇರೆ ವಿಜ್ಞಾನದ ಚಿಹ್ನೆ ಕೂಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ. ಸರದಿ ಇದೆ, ಕಾಯುವುದಿದೆ, ಆದ್ದರಿಂದ “ಅದನ್ನ ತೆಗಿಬೇಡ, ತೆಗಿಬೇಡ” ಅನ್ನುವುದೂ ಇದೆ. ಏಳು ಜನರ ಆಟದಿಂದ ಬೋಜಾ ತೆಗೆದು ಹಾಕಿದ್ದನ್ನೇ ಇಬ್ಬರ ಆಟಕ್ಕೆ ವಾಪಸ್ ತಂದರು. ಜನಕ್ಕೆ ಇದು ಹಿಡಿಸಿತು ಅನ್ನೋದೂ ಒಂದು ಅಭಿಪ್ರಾಯವೇ.

ನೀವು ಆಗಲೇ ಮೂಲ ಪೆಟ್ಟಿಗೆ ಕೊಂಡಿದ್ದರೆ ಮಾರಬೇಡಿ. ಮೂರು ಅಥವಾ ನಾಲ್ಕು ಜನ ಕೂರಿ. ಏಳು ಜನ ಬಂದಿದ್ದರೆ ಮೂವರು ಒಂದು ಕಡೆ, ನಾಲ್ವರು ಕಟಾನಿಗೆ ಇನ್ನೊಂದು ಕಡೆ. ಅದ್ಭುತಗಳ ಹಲಗೆಯಲ್ಲಿ ಮೊದಲು ಸುಲಭದ ಬದಿಯಿಂದಲೇ ಶುರು ಮಾಡಿ. ಗೀಝಾ ಹೊಸಬರ ಕೈಗೆ ಕೊಡಿ, ಅದರ ಆ ಬದಿಯ ಮೂರು ಹಂತಕ್ಕೆ 3, 5, 7 ಅಂತ ಅಂಕ ಅಷ್ಟೇ, ವಿವರಿಸುವುದೇನೂ ಇಲ್ಲ. ಮೊದಲ ಯುಗವನ್ನು ಕಾರ್ಡು ಮೇಜಿನ ಮೇಲೆ ಬಿಚ್ಚಿಟ್ಟು ಆಡಿ. ಏನು ಬಿಡುತ್ತೀರಿ, ಯಾಕೆ ಬಿಡುತ್ತೀರಿ ಅಂತ ಬಾಯಲ್ಲಿ ಹೇಳುತ್ತ ದಾಟಿಸಿ. ನಮ್ಮಲ್ಲಿ ಈಗ ಇನ್ನೊಂದು ಮನೆ ನಿಯಮವೂ ಇದೆ, ಅಜ್ಜಿ ಊರಿಗೆ ಹೋಗುವ ಮೊದಲು ಮಾಡಿ ಹೋದದ್ದು: ನಾಣ್ಯ ಇಡುವ ಮೊದಲು ಹೆಸರು ಹಿಡಿದು ಕೇಳಬೇಕು. ಕೇಳದೆ ಇಟ್ಟರೆ ಕಲ್ಲಿಗೆ ಎರಡಲ್ಲ, ಮೂರು. ಲೆಕ್ಕದ ಸಮತೋಲ ಸ್ವಲ್ಪ ಕೆಡುತ್ತದೆ, ಆಟ ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಆಗುತ್ತದೆ. ಆ ಹುಡುಗಿ ಮೂರು ನಾಣ್ಯ ಕೊಟ್ಟದ್ದನ್ನು ಇನ್ನೂ ಯಾರೂ ನೋಡಿಲ್ಲ.